ಕಾಪಿಬಾರಾಗೆ ನಾಲ್ಕು ಕೋಣೆಯ ಹೊಟ್ಟೆ ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಮಕ್ಕಳ ಪುಟದಲ್ಲಿ ಕಾಪಿಬಾರಾ ಎಂಬ ದಕ್ಷಿಣ ಅಮೆರಿಕದ ಪ್ರಾಣಿಯ ಬಗ್ಗೆ ಬಂದ ಬರಹವನ್ನು ಮೊಮ್ಮಗಳು ಗಟ್ಟಿಯಾಗಿ ಓದುತ್ತಿದ್ದಳು. ಚಿತ್ರ ಚೆನ್ನಾಗಿತ್ತು. ಆದರೆ, ಹುಲ್ಲು ತಿನ್ನುವ ಕಾರಣ ಇದಕ್ಕೂ ಹಸುವಿನ ಹಾಗೆ ನಾಲ್ಕು ಕೋಣೆಯ ಹೊಟ್ಟೆ ಇದೆ ಎಂಬ ಸಾಲಿಗೆ ಬಂದಾಗ ಅಡಿಕೆ ಸುಲಿಯುತ್ತಿದ್ದ ನನ್ನ ಕೈ ನಿಂತಿತು. ಪಶುಪಾಲನಾ ಇಲಾಖೆಯಲ್ಲಿ 32 ವರ್ಷ ದುಡಿದವನು, ಸುಮ್ಮನಿರಲಾಗಲಿಲ್ಲ.

ಹಸುವಿನ ಹೊಟ್ಟೆ ನನಗೆ ಗೊತ್ತು. ಮುಂಗಾರಿನ ಎಳೆ ಹುಲ್ಲು ಮೇದು ಹೊಟ್ಟೆಯುಬ್ಬರವಾದ ಮಲೆನಾಡು ಗಿಡ್ಡ ಹಸುವಿನ ಎಡಪಕ್ಕೆಗೆ ಟ್ರೋಕಾರ್ ಎಂಬ ಚೂಪು ಕೊಳವೆ ಚುಚ್ಚಿದಾಗ ಬುಸ್ಸೆಂದು ಗಾಳಿ ಬರುತ್ತದಲ್ಲ, ಅದೇ ಮೊದಲ ಕೋಣೆ, ರೂಮೆನ್. ಹುಲ್ಲು ಅಲ್ಲಿ ಹುಳಿತು, ಮೆಲುಕಿಗೆ ಬಂದು, ಆಮೇಲೆ ಮುಂದಕ್ಕೆ ಹೋಗುತ್ತದೆ. ಕಾಪಿಬಾರಾ ಇಲಿ, ಅಳಿಲುಗಳ ಕುಲದ್ದು. 50 ಕಿಲೋ ಆಸುಪಾಸು ತೂಗುವ, ದಂಶಕಗಳಲ್ಲೇ ಅತಿ ದೊಡ್ಡದು. ಅದರ ಜಠರ ನಮ್ಮದರ ಹಾಗೆ ಒಂದೇ ಚೀಲ. ನಾರು ಹುಳಿಯುವುದು ಜಠರದಲ್ಲಲ್ಲ, ಸಣ್ಣಕರುಳು ಮುಗಿದು ದೊಡ್ಡಕರುಳು ಶುರುವಾಗುವ ಕಡೆ ಇರುವ ಸೀಕಮ್ ಎಂಬ ಚೀಲದಲ್ಲಿ. ನಮ್ಮಲ್ಲಿ ಅದು ಅಪೆಂಡಿಕ್ಸ್ ಜೋತುಬಿದ್ದಿರುವ ಪುಟ್ಟ ಚೀಲ. ಕಾಪಿಬಾರಾದಲ್ಲಿ ಜಠರವನ್ನೇ ಮೀರಿಸುವ ಗಾತ್ರದ್ದು.

ಇದರಲ್ಲೊಂದು ತೊಡಕಿದೆ. ಸತ್ವ ಹೀರುವ ಸಣ್ಣಕರುಳು ಹಿಂದೆಯೇ ಉಳಿಯಿತು, ಸತ್ವ ತಯಾರಾದದ್ದು ಅದನ್ನು ದಾಟಿದ ಮೇಲೆ. ಪಂಕ್ತಿ ಎದ್ದ ಮೇಲೆ ಅನ್ನ ಬೆಂದ ಹಾಗೆ. ಅದಕ್ಕೇ ಕಾಪಿಬಾರಾ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿಂದು ಇನ್ನೊಂದು ಸುತ್ತು ಕಳಿಸುತ್ತದೆ. ಇದನ್ನು ಬರೆಯಲು ನಿಮ್ಮ ಲೇಖಕರಿಗೆ ಮುಜುಗರವಾಯಿತೋ ಏನೋ. ಮೊಮ್ಮಗಳಿಗಂತೂ ಇಡೀ ಬರಹಕ್ಕಿಂತ ಇದೇ ಹಿಡಿಸಿತು. ಎರಡು ದಿನ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು, ಅವಳಜ್ಜಿಯಿಂದ ನನಗೆ ಬೈಗುಳ. ಹಿಂದೊಮ್ಮೆ ಮೊಲ ಸಾಕಿದ್ದ ಹೆಂಗಸೊಬ್ಬರು, “ಡಾಕ್ಟ್ರೇ, ಇದಕ್ಕೆ ಹುಚ್ಚು ಹಿಡಿದದೆ, ಹಿಕ್ಕೆ ತಿಂತದೆ” ಎಂದು ಪಂಜರ ಹೊತ್ತು ಆಸ್ಪತ್ರೆಗೇ ಬಂದಿದ್ದರು. (ನಾನು ಡಾಕ್ಟರಲ್ಲ, ಊರವರು ಹಾಗೆ ಕರೆಯುತ್ತಿದ್ದರು.) ಮೊಲ ದಂಶಕವಲ್ಲ, ಆದರೂ ಕರುಳಿನ ಲೆಕ್ಕ ಒಂದೇ. ತಿನ್ನಲು ಬಿಡಿ, ತಡೆದರೆ ಸೊರಗುತ್ತದೆ ಎಂದು ಕಳಿಸಿದೆ.

ದಯವಿಟ್ಟು ಆ ಸಾಲಿಗೊಂದು ತಿದ್ದುಪಡಿ ಹಾಕಿ. ಹೊಟ್ಟೆಯ ಬಗೆಗಿನ ತಪ್ಪು ತಿಳಿವಳಿಕೆಗೆ ನಮ್ಮಲ್ಲಿ ಪ್ರಾಣಿಗಳು ಜೀವ ತೆರುತ್ತವೆ. ನಮ್ಮ ಕಾಡಿನ ದೊಡ್ಡ ದಂಶಕ ಮುಳ್ಳುಹಂದಿ. ಅದು ಹಂದಿಯಲ್ಲ, ಕಾಪಿಬಾರಾದ ವೈಜ್ಞಾನಿಕ ಹೆಸರಿಗೂ ನೀರುಹಂದಿ ಎಂದೇ ಅರ್ಥವಂತೆ, ಹೆಸರಿಡುವುದರಲ್ಲಿ ಎಡವಿದ್ದು ನಾವೊಬ್ಬರೇ ಅಲ್ಲ. ಮುಳ್ಳುಹಂದಿ ಕಾಡಿನ ಬೇರುನಾರೆಲ್ಲ ತಿನ್ನುತ್ತದೆ, ಹಾಗಾಗಿ ಅದರ ಹೊಟ್ಟೆಯನ್ನು ಒಣಗಿಸಿ ತೇಯ್ದು ಕುಡಿದರೆ ದಮ್ಮು ವಾಸಿ ಎಂದು ನಂಬಿದವರು ಈಗಲೂ ಇದ್ದಾರೆ. ಬೇಟೆಯಾಡುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ ಎಂದರೆ ತಲೆಯಾಡಿಸಿ ಹೋಗುತ್ತಾರೆ.

ಒಂದು ಸಲ ಹೊಸನಗರದಿಂದ ನಗರ ಎಂಬ ಊರಿಗೆ ಹೋಗುವ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಮುಳ್ಳುಹಂದಿ ಸತ್ತಿತ್ತು. ಅರಣ್ಯ ಇಲಾಖೆಯವರು ಕರೆದರು. ಡಾಕ್ಟರು ಕೊಯ್ದರು, ನಾನು ಟಾರ್ಚ್ ಹಿಡಿದೆ. ಸುತ್ತ ನಿಂತವರಲ್ಲಿ ಒಬ್ಬ ಮೆಲ್ಲಗೆ ನನ್ನ ಹತ್ತಿರ ಬಂದು, ಅಮ್ಮನಿಗೆ ದಮ್ಮು, ಹೊಟ್ಟೆಯೊಂದು ಸಿಕ್ಕರೆ ಎಂದ. ಡಾಕ್ಟರಿಗೆ ಕೇಳಿಸಿತು. ಬಾ ಎಂದು ಪಕ್ಕಕ್ಕೆ ಕರೆದು, ಜಠರವನ್ನು ಅವನ ಎದುರೇ ಸೀಳಿದರು. ಒಂದೇ ಚೀಲ. ಒಳಗೆ ಬೇರೂ ಇಲ್ಲ, ನಾರೂ ಇಲ್ಲ. ನುಣ್ಣಗೆ ಅಗಿದ ಬಿಳಿ ಹಿಟ್ಟು, ನಡುನಡುವೆ ಕೆಂಪು ಸಿಪ್ಪೆಯ ಚೂರು. ಅವನು ಬಗ್ಗಿ ನೋಡಿದ, ಮೂಸಿದ.

“ಥತ್, ಇದು ನಮ್ಮ ಹಿತ್ಲಿನ ಗೆಣಸು ಕಣ್ರೀ!”

ಇತಿ,
ನಿವೃತ್ತ ಪಶುವೈದ್ಯಕೀಯ ಪರಿವೀಕ್ಷಕ,
ಹೊಸನಗರ ತಾಲ್ಲೂಕು