ವಾಸಾ ಹಡಗಿನ ಮರದ ಕಥೆ: ಮಗಳಿಗೊಂದು ಪತ್ರ

ಸ್ಟಾಕ್‌ಹೋಮ್

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಅಣ್ಣನ ಮನೆಯಲ್ಲಿ ಎಲ್ಲರೂ ಕ್ಷೇಮ. ವಾಸಾ ಮ್ಯೂಸಿಯಂ ನೋಡಿಕೊಂಡು ಬಂದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲವೆಂದು ಅನ್ನಿಸಿದ್ದರಿಂದ ಈ ಪತ್ರ. ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸುತ್ತಿರುವ ನೀನು ಮುಂದೆ ಯಾವ ವಿಷಯದಲ್ಲಿ ಸಂಶೋಧನೆಗೆ ಇಳಿಯಬೇಕೆಂದು ಯೋಚಿಸುತ್ತಿರುವ ಹೊತ್ತಿನಲ್ಲಿ, ಈ ಹಡಗು ಮುಳುಗಿದ ಕಥೆಗಿಂತಲೂ ಅದರ ಮರವನ್ನು ಇವರು ಉಳಿಸಿಕೊಂಡು ಬಂದಿರುವ ಬಗೆಯನ್ನು ನೀನು ತಿಳಿಯಬೇಕೆಂಬುದು ನನ್ನ ಆಸೆ. ನೋಡಲು ಬಂದ ಬಹುಪಾಲು ಜನ ಶಿಲ್ಪಗಳನ್ನೂ ಫಿರಂಗಿ ಕಿಂಡಿಗಳನ್ನೂ ನೋಡಿ ಮುಂದೆ ಹೋಗುತ್ತಿದ್ದರು. ನಾನು ಮಾತ್ರ ಮರದ ಸಂರಕ್ಷಣೆಯನ್ನು ವಿವರಿಸುವ ಭಾಗದಲ್ಲೇ ಬಹಳ ಹೊತ್ತು ನಿಂತುಬಿಟ್ಟೆ.

ಮುಳುಗಿದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಪೋಲೆಂಡಿನೊಂದಿಗೆ ಯುದ್ಧದಲ್ಲಿ ತೊಡಗಿದ್ದ ಸ್ವೀಡನ್ನಿನ ದೊರೆ ಎರಡನೇ ಗುಸ್ತಾವ್ ಅಡಾಲ್ಫ್ ಈ ಯುದ್ಧನೌಕೆಯನ್ನು ಕಟ್ಟಿಸಿದ. ಡಚ್ ಮೂಲದ ಹಡಗುಶಿಲ್ಪಿ ಹೆನ್ರಿಕ್ ಹೈಬರ್ಟ್‌ಸನ್ ಕೆಲಸ ಮುಗಿಯುವ ಮೊದಲೇ, 1627ರಲ್ಲಿ ತೀರಿಕೊಂಡ. ಎರಡು ಅಂತಸ್ತಿನ ಫಿರಂಗಿಗಳು, ಒಟ್ಟು 64. ಇಷ್ಟು ಭಾರ ಮೇಲೆ ಸೇರಿದ್ದರೂ ನೀರಿನೊಳಗಿನ ಒಡಲು ಕಿರಿದಾಗಿಯೇ ಇತ್ತು. ತಳದಲ್ಲಿ ತುಂಬಿದ ಕಲ್ಲುಗಳು ಹಡಗನ್ನು ನೇರವಾಗಿ ಹಿಡಿದಿಡಲು ಸಾಲಲಿಲ್ಲ. ಹೊರಡುವ ಮೊದಲು ಮೂವತ್ತು ಮಂದಿಯನ್ನು ಹಡಗಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ಪರೀಕ್ಷಿಸಿದಾಗ ಅದು ಎಷ್ಟು ವಾಲಿತೆಂದರೆ, ಮೂರು ಸಲ ಓಡಿದ ಮೇಲೆ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಅಷ್ಟು ಕಂಡರೂ ಹಡಗು ಹೊರಟಿತು. 1628ರ ಆಗಸ್ಟ್ 10ರಂದು, ನಾಲ್ಕೇ ಹಾಯಿ ಬಿಚ್ಚಿ ಸುಮಾರು 1,300 ಮೀಟರ್ ಸಾಗಿದ್ದಾಗ ಬೀಸಿದ ಗಾಳಿಗೆ ಅದು ಎಡಕ್ಕೆ ವಾಲಿ, ತೆರೆದಿದ್ದ ಕೆಳಗಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ, ದಡದಲ್ಲಿ ನೆರೆದಿದ್ದ ಜನರ ಕಣ್ಣೆದುರೇ ಮುಳುಗಿತು. ಸುಮಾರು ಮೂವತ್ತು ಮಂದಿ ಸತ್ತರು. ವಿಚಾರಣೆ ನಡೆಯಿತಾದರೂ ಯಾರಿಗೂ ಶಿಕ್ಷೆಯಾಗಲಿಲ್ಲ.

ಈಗ ಮರದ ವಿಷಯಕ್ಕೆ ಬರುತ್ತೇನೆ. ಮುನ್ನೂರ ಮೂವತ್ತಕ್ಕೂ ಹೆಚ್ಚು ವರ್ಷ 32 ಮೀಟರ್ ಆಳದಲ್ಲಿ ಬಿದ್ದಿದ್ದ ಓಕ್ ಮರದ ಒಡಲು ಏಕೆ ಉಳಿಯಿತು? ಮರ ಕೊರೆಯುವ ಹಡಗುಹುಳು ಉಪ್ಪು ಹೆಚ್ಚಿರುವ ನೀರಿನಲ್ಲಿ ಮಾತ್ರ ಬದುಕುತ್ತದೆ. ಬಾಲ್ಟಿಕ್ ಸಮುದ್ರದ ಈ ಭಾಗದಲ್ಲಿ ನದಿಗಳ ಸಿಹಿನೀರು ಬೆರೆತು ಉಪ್ಪಿನಂಶ ಬಹಳ ಕಡಿಮೆಯಿರುವುದರಿಂದ ಆ ಹುಳು ಇಲ್ಲಿಗೆ ಬರಲೇ ಇಲ್ಲ. ನಮ್ಮ ಮಲ್ಪೆಯ ಕಡಲಲ್ಲೋ ಕಾರವಾರದ ಕಡಲಲ್ಲೋ ಇಂಥ ಹಡಗು ಮುಳುಗಿದ್ದರೆ, ಕೆಸರಿನಲ್ಲಿ ಹೂತ ಭಾಗವನ್ನು ಬಿಟ್ಟು ಮೇಲಿನ ಮರವೆಲ್ಲ ಎಂದೋ ಪುಡಿಯಾಗಿರುತ್ತಿತ್ತು. ಆಂಡರ್ಸ್ ಫ್ರಾನ್ಸೆನ್ ಎಂಬಾತ ಈ ಅಂಶವನ್ನು ಚೆನ್ನಾಗಿ ಅರಿತಿದ್ದರಿಂದಲೇ ಹಳೆಯ ಹಡಗುಗಳು ಇಲ್ಲಿ ಇದ್ದೇ ಇರುತ್ತವೆಂದು ನಂಬಿ ಹುಡುಕಿದ. 1956ರಲ್ಲಿ, ತಳಕ್ಕೆ ಚುಚ್ಚಿ ಮಾದರಿ ಎತ್ತುವ ಅವನ ಸಲಕರಣೆಯಲ್ಲಿ ಕಪ್ಪಾದ ಓಕ್ ಮರದ ತುಂಡೊಂದು ಸಿಕ್ಕಿತು. ತಿಳಿವಳಿಕೆಯನ್ನು ನೆಚ್ಚಿ ಹುಡುಕುವುದು ಎಂದರೆ ಹೀಗಿರಬೇಕು.

ಮುಳುಗುಗಾರರು ಕಗ್ಗತ್ತಲಿನ ನೀರಿನಲ್ಲಿ ಹಡಗಿನ ಅಡಿಗೆ ಆರು ಸುರಂಗಗಳನ್ನು ಕೊರೆದು, ಉಕ್ಕಿನ ಹಗ್ಗ ತೂರಿಸಿ, ಹಂತಹಂತವಾಗಿ ಮೇಲೆತ್ತಿದರು. 1961ರ ಏಪ್ರಿಲ್ 24ರಂದು ಹಡಗು ನೀರಿನಿಂದ ಹೊರಬಂತು. ನನ್ನ ಮಟ್ಟಿಗೆ ನಿಜವಾದ ಅಪಾಯ ಶುರುವಾದದ್ದು ಅಲ್ಲಿಂದ. ನೀರು ತುಂಬಿಕೊಂಡಿದ್ದ ಓಕ್ ಮರವನ್ನು ಹಾಗೆಯೇ ಒಣಗಲು ಬಿಟ್ಟರೆ ಅದರ ಜೀವಕೋಶಗಳು ಕುಸಿದು, ಮರ ಕುಗ್ಗಿ ಸೀಳಿಹೋಗುತ್ತದೆ. ಆದ್ದರಿಂದ ನೀರಿನ ಜಾಗದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ಔಷಧಿಗಳಲ್ಲೂ ಮುಖದ ಕ್ರೀಮುಗಳಲ್ಲೂ ಬಳಕೆಯಾಗುವ, ನೀರಿನಲ್ಲಿ ಕರಗುವ ಮೇಣದಂಥ ಪದಾರ್ಥವನ್ನು ಸೇರಿಸಬೇಕಾಗಿತ್ತು. ಅಜ್ಜಿ ನೆಲ್ಲಿಕಾಯಿಯ ಮುರಬ್ಬ ಮಾಡುವಾಗ ಮೊದಲ ದಿನವೇ ಗಟ್ಟಿ ಪಾಕ ಹಾಕದೆ, ಕಾಯಿ ಸುಕ್ಕಾಗದಿರಲೆಂದು ತೆಳುವಾದ ಪಾಕದಿಂದ ಆರಂಭಿಸಿ ದಿನದಿನಕ್ಕೆ ಗಟ್ಟಿಗೊಳಿಸುತ್ತಿದ್ದುದು ನಿನಗೆ ನೆನಪಿರಬಹುದು. ಇಲ್ಲಿ ನಡೆದದ್ದೂ ಅದೇ ತತ್ತ್ವ. 1962ರಿಂದ 1979ರವರೆಗೆ, ಹದಿನೇಳು ವರ್ಷ, ಇಡೀ ಹಡಗಿನ ಮೇಲೆ ಆ ದ್ರಾವಣವನ್ನು ಸಿಂಪಡಿಸುತ್ತಲೇ ಇದ್ದರು. ಆಮೇಲೆ ಇನ್ನೂ ಒಂಬತ್ತು ವರ್ಷ ನಿಧಾನವಾಗಿ ಒಣಗಿಸಿದರು. ಇಷ್ಟು ದೊಡ್ಡ ಮರದ ವಸ್ತುವನ್ನು ಈ ರೀತಿ ಉಳಿಸಿದ ಅನುಭವ ಆಗ ಜಗತ್ತಿನಲ್ಲಿ ಯಾರಿಗೂ ಇರಲಿಲ್ಲ. ಈಗಿನ ಕಟ್ಟಡ ತೆರೆದದ್ದು 1990ರಲ್ಲಿ. ನಮ್ಮೆದುರು ನಿಂತಿರುವುದರಲ್ಲಿ ನೂರಕ್ಕೆ ತೊಂಬತ್ತೆಂಟು ಭಾಗ ಮೂಲ ಮರವೇ ಎಂಬುದನ್ನು ಕಣ್ಣಾರೆ ಕಂಡರೂ ನಂಬುವುದು ಕಷ್ಟ.

ಇನ್ನು ಮುಂದಿನದನ್ನು ನೀನು ವಿಶೇಷ ಗಮನವಿಟ್ಟು ಓದಬೇಕು. ಸ್ಟಾಕ್‌ಹೋಮ್ ಬಂದರಿಗೆ ನಗರದ ಕೊಳಚೆ ಶತಮಾನಗಳ ಕಾಲ ಸೇರುತ್ತಿತ್ತು. ಅದರಿಂದ ತಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ, ಮರವನ್ನು ಕೊಳೆಸುವ ಜೀವಿಗಳಿಗೆ ಬದುಕುವುದೇ ಕಷ್ಟವಾಯಿತು. ಹಾಗೆ ನೋಡಿದರೆ ಮಾಲಿನ್ಯವೇ ಹಡಗನ್ನು ಕಾಪಾಡಿತು. ಆದರೆ ಅಂಥ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಉತ್ಪಾದಿಸಿದವು, ಗಂಧಕ ಮರದೊಳಗೆ ಇಳಿದು ಕೂತಿತು. ತುಕ್ಕು ಹಿಡಿದು ಕರಗಿದ ಕಬ್ಬಿಣದ ಬೋಲ್ಟುಗಳಿಂದ ಕಬ್ಬಿಣವೂ ಮರಕ್ಕೆ ಸೇರಿತ್ತು. ಹಡಗು ಗಾಳಿಗೆ ತೆರೆದುಕೊಂಡ ಮೇಲೆ, ಕಬ್ಬಿಣದ ನೆರವಿನಿಂದ ಗಂಧಕವು ಆಮ್ಲಜನಕದೊಡನೆ ಕೂಡಿ ಗಂಧಕಾಮ್ಲವಾಗತೊಡಗಿತು. 2000ದ ಬೇಸಿಗೆಯಲ್ಲಿ ಮಳೆ ಹೆಚ್ಚಾಗಿ, ಒದ್ದೆ ಬಟ್ಟೆಯಲ್ಲೇ ಒಳಬಂದ ಜನರಿಂದ ಸಭಾಂಗಣದ ತೇವಾಂಶ ಏರಿದಾಗ ಮರದ ಮೇಲೆ ಆಮ್ಲೀಯ ಲವಣಗಳು ಬಿಳಿ, ಹಳದಿ ಕಲೆಗಳಾಗಿ ಕಾಣಿಸಿಕೊಂಡವು. ಅಲ್ಲಿಯವರೆಗೆ ಕೆಲಸ ಮುಗಿಯಿತೆಂದುಕೊಂಡಿದ್ದವರಿಗೆ ಅದು ಮುಗಿದಿಲ್ಲವೆಂದು ಗೊತ್ತಾದದ್ದು ಆಗಲೇ.

ಆ ಮೇಲೆ ಇವರು ಕೈಗೊಂಡ ಕ್ರಮಗಳನ್ನು ಓದುತ್ತಾ ನನಗೆ ಇವರ ಮೇಲೆ ಅಪಾರ ಗೌರವ ಮೂಡಿತು. ಹವಾನಿಯಂತ್ರಣ ವ್ಯವಸ್ಥೆಯನ್ನೇ ಬದಲಾಯಿಸಿ ತಾಪಮಾನವನ್ನೂ ತೇವಾಂಶವನ್ನೂ ಏರುಪೇರಾಗದಂತೆ ಹಿಡಿದಿಟ್ಟರು. ಒಳಗೆ ಬೇಸಿಗೆಯಲ್ಲೂ ತಂಪು, ಬೆಳಕು ಮಂದ, ಶಾಲು ಹೊದ್ದುಕೊಂಡೇ ನೋಡಿದೆ. ಹಡಗನ್ನು ಮೇಲೆತ್ತಿದ ಕಾಲದಲ್ಲಿ ಹಾಕಿದ್ದ ಬೋಲ್ಟುಗಳಿಗೂ ತುಕ್ಕು ಹಿಡಿದು ಅವು ಮರಕ್ಕೆ ಇನ್ನಷ್ಟು ಕಬ್ಬಿಣ ಸೇರಿಸುತ್ತಿದ್ದುದರಿಂದ, 2011ರಿಂದ 2018ರವರೆಗೆ ಐದು ಸಾವಿರಕ್ಕೂ ಹೆಚ್ಚು ಬೋಲ್ಟುಗಳನ್ನು ಒಂದೊಂದಾಗಿ ಕಿತ್ತು ತುಕ್ಕು ಹಿಡಿಯದ ಉಕ್ಕಿನವನ್ನು ಹಾಕಿದರು. ಹಡಗು ತನ್ನ ಭಾರಕ್ಕೆ ತಾನೇ ನಿಧಾನವಾಗಿ ವಾಲುತ್ತಾ ಕುಸಿಯುತ್ತಿರುವುದು ಅಳತೆಗಳಿಂದ ತಿಳಿದುಬಂದಿರುವುದರಿಂದ ಹೊಸ ಆಸರೆಯೊಂದನ್ನು ನಿರ್ಮಿಸುವ ಕೆಲಸವೂ ಆರಂಭವಾಗಿದೆ.

ಸತ್ತವರನ್ನೂ ಇವರು ಮರೆತಿಲ್ಲ. ಸಿಕ್ಕ ಮೂಳೆಗಳ ಒಂದು ಗುಂಪನ್ನು ದಶಕಗಳ ಕಾಲ ಗಂಡಸಿನದೆಂದು ತಿಳಿದು ಗುಸ್ತಾವ್ ಎಂದು ಕರೆಯುತ್ತಿದ್ದರು. ಡಿಎನ್‌ಎ ಪರೀಕ್ಷೆಯಿಂದ ಅದು ಹೆಂಗಸಿನದೆಂದು ಖಚಿತವಾಗಿ, 2023ರಲ್ಲಿ ಅದನ್ನು ಪ್ರಕಟಿಸಿದರು. ಈಗ ಅವಳನ್ನು ಗರ್ಟ್ರೂಡ್ ಎನ್ನುತ್ತಾರೆ. ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಆದರೂ ಅವಳು ಹೆಂಗಸಾಗಿದ್ದಳು ಎಂಬಷ್ಟು ಸತ್ಯವನ್ನಾದರೂ ಅವಳಿಗೆ ಮರಳಿಸಿದ್ದು ಪ್ರಯೋಗಾಲಯದ ಕೆಲಸ. ಹುದ್ದೆ, ಸಂಬಳಗಳ ಮಾತು ಬಂದಾಗಲೆಲ್ಲ ಇಂಥ ಸಂಶೋಧನೆಯಿಂದ ಏನು ಪ್ರಯೋಜನವೆಂದು ನಮ್ಮ ಬಂಧುಗಳು ನಿನ್ನನ್ನು ಕೇಳುತ್ತಾರಲ್ಲ, ಆ ಪ್ರಶ್ನೆಯಿಂದ ನೀನು ಕುಗ್ಗಬಾರದು. ಅಪ್ಪನೂ ನಾನೂ ನಿನ್ನ ಜೊತೆಗಿದ್ದೇವೆ.

ನನಗೆ ಉತ್ತರ ಹೊಳೆಯದ ಒಂದು ಪ್ರಶ್ನೆ ಉಳಿದಿದೆ. ಮೇಣ ಚೆನ್ನಾಗಿ ಇಳಿದಿರುವ ಹೊರಪದರಕ್ಕಿಂತ, ಅದು ಅಷ್ಟಾಗಿ ತಲುಪದ ಮರದ ಒಳಭಾಗವೇ ಹೆಚ್ಚು ಬಲಗುಂದಿದೆಯೆಂದೂ, ಅದಕ್ಕೆ ಅಲ್ಲಿರುವ ಕಬ್ಬಿಣವೇ ಮುಖ್ಯ ಕಾರಣವೆಂದೂ ಸಂಶೋಧಕರು ಕಂಡುಕೊಂಡಿದ್ದಾರೆ. ಸಣ್ಣ ತುಂಡುಗಳಾದರೆ ಕಬ್ಬಿಣವನ್ನು ಹಿಡಿದೆಳೆಯುವ ದ್ರಾವಣದಲ್ಲಿ ನೆನೆಸಿ ತೆಗೆಯಬಹುದು. ಆದರೆ 69 ಮೀಟರ್ ಉದ್ದದ ಹಡಗನ್ನು ಮತ್ತೆ ನೆನೆಸುವಂತಿಲ್ಲ, ಬಿಚ್ಚುವಂತೆಯೂ ಇಲ್ಲ. ಒಣ ಮರದ ಆಳದಲ್ಲಿರುವ ಕಬ್ಬಿಣವನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸುವ ಮಾರ್ಗ ಏನಿರಬಹುದು? ನಿನ್ನ ಪ್ರಾಧ್ಯಾಪಕರೊಂದಿಗೆ ಚರ್ಚಿಸಿ, ಅವರು ಏನೆನ್ನುತ್ತಾರೆ, ನಿನಗೇನು ಅನ್ನಿಸುತ್ತದೆ ಎಂದು ವಿವರವಾಗಿ ಬರೆ. ಮ್ಯೂಸಿಯಂನಲ್ಲಿ ಕೊಂಡ, ಸಂರಕ್ಷಣೆಯನ್ನು ಕುರಿತ ಪುಸ್ತಕವನ್ನು ಅಣ್ಣನ ಕೈಯಲ್ಲಿ ಕಳುಹಿಸುತ್ತಿದ್ದೇನೆ.

ನಿನ್ನ ಪ್ರೀತಿಯ,
ಅಮ್ಮ