ಮೀಟರಿನ ಕೆಳಸಾಲಿನಲ್ಲಿರುವ ಗೆಳೆಯನಿಗೆ

ಗೆಳೆಯಾ,

ನಮ್ಮ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಬಗ್ಗೆ ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಹೆಸರಿನ ಪಕ್ಕದಲ್ಲಿ ಬೂದು ಬಣ್ಣದ 18, ಕೆಳಗೆ ನಿನ್ನ ಒಂದೇ ಸಾಲು: ‘ನಾನು ತಂಡಕ್ಕೆ ಹೊರೆಯೇನೋ?’ ಮೆಸೇಜಿನಲ್ಲಾಗಿದ್ದರೆ ‘ಹಾಗೇನಿಲ್ಲ ಬಿಡೋ’ ಎಂದು ಮಾತು ಮುಗಿದುಹೋಗುತ್ತಿತ್ತು. ರೇಡ್ (ತಂಡ ಕಟ್ಟಿಕೊಂಡು ದೊಡ್ಡ ಬಾಸ್‌ಗಳನ್ನು ಕೊಲ್ಲುವ ಆಟ) ಮುಗಿದ ಮೇಲೆ ಇದೇ ಪ್ರಶ್ನೆ ಹೊತ್ತುಕೊಂಡು ಮಲಗುವವರು ಬಹಳ ಜನ ಇದ್ದಾರೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಆ 18ರ ವಿಷಯ. ಕಾಳಗದ ದಾಖಲೆ, ಅಂದರೆ ಲಾಗ್, ಓದಿ ಅಂಕ ಹಾಕುವ ವಾರ್‌ಕ್ರಾಫ್ಟ್ ಲಾಗ್ಸ್ ಸೈಟು ಕೊಡುವುದು ಪರ್ಸೆಂಟೈಲ್. ಅದೇ ಬಾಸನ್ನು ಅದೇ ಕಷ್ಟದ ಮಟ್ಟದಲ್ಲಿ ನಿನ್ನದೇ ಸ್ಪೆಕ್ (ಪಾತ್ರದ ಆಟದ ಶೈಲಿ) ಹಿಡಿದು ಕೊಂದವರ ಸಾಲಿನಲ್ಲಿ ನೀನು ಡ್ಯಾಮೇಜಿನಲ್ಲಿ ಎಲ್ಲಿ ನಿಂತಿದ್ದೀಯ ಅನ್ನುವುದು ಅಷ್ಟೇ. 25ರ ಕೆಳಗೆ ಬೂದು, ಅಲ್ಲಿಂದ ಹಸಿರು, 50ರಿಂದ ನೀಲಿ, 75ರಿಂದ ನೇರಳೆ, 95ರಿಂದ ಕಿತ್ತಳೆ, 99ಕ್ಕೆ ಗುಲಾಬಿ, 100ಕ್ಕೆ ಚಿನ್ನ. ಈ ರ‍್ಯಾಂಕು ಸಿಗುವುದು ಬಾಸ್ ಸತ್ತ ಪುಲ್‌ಗೆ (ಪ್ರಯತ್ನಕ್ಕೆ) ಮಾತ್ರ. ಅದಕ್ಕೆ ಮುಂಚಿನ ವೈಪುಗಳಲ್ಲಿ, ಅಂದರೆ ಇಡೀ ತಂಡ ಸತ್ತ ಪ್ರಯತ್ನಗಳಲ್ಲಿ, ತಂಡ ಕಲಿತದ್ದು, ನೀನು ಕಲಿಸಿದ್ದು, ಯಾವುದೂ ಲೆಕ್ಕಕ್ಕಿಲ್ಲ.

ಇನ್ನೊಂದು, ಕಾಳಗ ಎಷ್ಟು ಹೊತ್ತು ನಡೆಯಿತು ಅನ್ನುವುದರ ಮೇಲೆ ನಿನ್ನ ಅಂಕಿ ತುಂಬಾ ನಿಂತಿರುತ್ತದೆ. ನಿನ್ನ ದೊಡ್ಡ ಕೂಲ್‌ಡೌನ್ (ಬಲ ಹೆಚ್ಚಿಸುವ ಬಟನ್) 2 ನಿಮಿಷಕ್ಕೊಮ್ಮೆ ಸಿಗುತ್ತದೆ, 20 ಸೆಕೆಂಡ್ ಇರುತ್ತದೆ ಅಂದುಕೋ. ಬಾಸ್ 2:20ಕ್ಕೆ ಸತ್ತರೆ ಎರಡು ಸಲ ಪೂರ್ತಿ ಬಳಸಿದ ಹಾಗಾಯಿತು: 140 ಸೆಕೆಂಡಿನಲ್ಲಿ 40, ಅಂದರೆ ಶೇ. 29ರಷ್ಟು ಹೊತ್ತು ನೀನು ಬಲಿಷ್ಠ. ಅದೇ ಬಾಸ್ 3:50ಕ್ಕೆ ಸತ್ತರೂ ಬಳಕೆ ಎರಡೇ, ಶೇ. 17ಕ್ಕೆ ಇಳಿಯಿತು. ಕೈ ಅದೇ, ಆಟ ಅದೇ, ಬಣ್ಣ ಮಾತ್ರ ಬೇರೆ. ನಿಧಾನವಾಗಿ ಕೊಲ್ಲುವ ತಂಡದಲ್ಲಿದ್ದುಕೊಂಡು ವೇಗದ ತಂಡದವರ ಅಂಕಿಗೆ ಹೋಲಿಸಿಕೊಂಡರೆ ಎದೆಗುಂದುವುದು ಖಂಡಿತ. ಹೋಲಿಸಲೇಬೇಕಿದ್ದರೆ ನಿನ್ನಷ್ಟೇ ಐಟಂ ಲೆವೆಲ್ (ಆಯುಧ, ಕವಚಗಳ ಮಟ್ಟ), ಹತ್ತಿರಹತ್ತಿರ ಅಷ್ಟೇ ಹೊತ್ತಿನ ಕಾಳಗ ಇರುವ ಲಾಗ್ ಹುಡುಕು. ಅದಕ್ಕಿಂತ ಒಳ್ಳೆಯದು, ಹೋದ ವಾರದ ನಿನ್ನದೇ ಲಾಗ್.

ಲಾಗನ್ನು ನಾನು ಓದುವ ಕ್ರಮ ಹೇಳುತ್ತೇನೆ. ಆಟದ ಸೆಟ್ಟಿಂಗ್ಸಿನಲ್ಲಿ ಅಡ್ವಾನ್ಸ್ಡ್ ಕಾಂಬ್ಯಾಟ್ ಲಾಗಿಂಗ್ ಆನ್ ಇರಲಿ, ರೇಡ್ ಶುರುವಾಗುವ ಮೊದಲು ಲಾಗ್ ಶುರುವಾಗಿರಲಿ. ಡ್ಯಾಮೇಜ್ ಪುಟವನ್ನು ಕೊನೆಗೆ ಇಟ್ಟುಕೋ. ಮೊದಲು ತೆರೆಯಬೇಕಾದ್ದು ಡೆತ್ಸ್. 5 ನಿಮಿಷದ ಕಾಳಗದಲ್ಲಿ ಮೂರನೇ ನಿಮಿಷಕ್ಕೆ ಸತ್ತವನು ಉಳಿದ ಶೇ. 40ರಷ್ಟು ಹೊತ್ತು ನೆಲದ ಮೇಲಿರುತ್ತಾನೆ. ಎಬ್ಬಿಸಿದರೆ ಇಡೀ ತಂಡಕ್ಕೆ ಸೇರಿದ ಒಂದು ಬ್ಯಾಟಲ್ ರೆಸ್ ಖರ್ಚು. ಸಾಯುವ ಹಿಂದಿನ ಹತ್ತು ಸೆಕೆಂಡನ್ನು ಸಾಲುಸಾಲಾಗಿ ಓದು. ಕೊಂದ ಏಟು ಬಹಳ ಸಲ ಎಲ್ಲರಿಗೂ ಬೀಳುವಂಥದ್ದೇ ಆಗಿರುತ್ತದೆ. ಅದಕ್ಕೆ ಮೂರು ಸೆಕೆಂಡ್ ಮುಂಚೆ ತಪ್ಪಿಸಿಕೊಳ್ಳಬಹುದಾಗಿದ್ದ ಒಂದು ಏಟು ಅರ್ಧ ಜೀವ ತಿಂದಿರುತ್ತದೆ, ಏಟು ತಗ್ಗಿಸುವ ನಿನ್ನ ಡಿಫೆನ್ಸಿವ್ ಬಟನ್ ಒತ್ತದೇ ಉಳಿದಿರುತ್ತದೆ. ಜೀವ ತುಂಬುವ ಹೀಲರನ್ನು ಬೈಯುವ ಮುಂಚೆ ಈ ಎರಡನ್ನು ನೋಡಬೇಕು.

ಆಮೇಲೆ ಕಾಸ್ಟ್ಸ್, ಅಂದರೆ ಎಷ್ಟು ಸಲ ಸ್ಪೆಲ್ ಹಾಕಿದೆ ಅನ್ನುವ ಪುಟ. ಒಂದು ಸ್ಪೆಲ್ಲಿನಿಂದ ಇನ್ನೊಂದಕ್ಕೆ ಕಾಯಬೇಕಾದ ಹೊತ್ತು, ಅಂದರೆ ಗ್ಲೋಬಲ್ ಕೂಲ್‌ಡೌನ್, ಮೂಲತಃ 1.5 ಸೆಕೆಂಡ್, ಪಾತ್ರದ ಹೇಸ್ಟ್ (ವೇಗ) ಹೆಚ್ಚಿದಂತೆ 0.75ರವರೆಗೆ ಇಳಿಯುತ್ತದೆ. ನಿನ್ನದು 1.2 ಇದ್ದು, ಸ್ಪೆಲ್ಲುಗಳೂ ಅಷ್ಟರಲ್ಲೇ ಮುಗಿಯುವಂಥವಾದರೆ 300 ಸೆಕೆಂಡಿನಲ್ಲಿ 250 ಕಾಸ್ಟಿಗೆ ಜಾಗವಿದೆ. ಲಾಗಿನಲ್ಲಿ 210 ಕಂಡರೆ 48 ಸೆಕೆಂಡ್ ಕೈ ಕಟ್ಟಿ ನಿಂತಂತಾಯಿತು. ಡ್ಯಾಮೇಜ್ ಕಡಿಮೆಯಾಗಲು ಬಹುಪಾಲು ಕಾರಣ ಇದೇ. ರೊಟೇಷನ್ನಿನ (ಸ್ಪೆಲ್ ಹಾಕುವ ಕ್ರಮದ) ಸೂಕ್ಷ್ಮಗಳೆಲ್ಲ ಇದರ ನಂತರ. ಓಡುವಾಗ ಒತ್ತಬಹುದಾದ ಇನ್‌ಸ್ಟಂಟ್ ಸ್ಪೆಲ್ಲುಗಳನ್ನು ಉಳಿಸಿಟ್ಟುಕೊಂಡರೆ, ಒಂದೇ ಸಲ ದೂರ ಓಡುವ ಬದಲು ಎರಡು ಕಾಸ್ಟಿನ ನಡುವೆ ಸ್ವಲ್ಪಸ್ವಲ್ಪ ಸರಿದರೆ, ಅರ್ಧ ನಷ್ಟ ತುಂಬಿಕೊಳ್ಳುತ್ತದೆ.

ಇಷ್ಟಾದ ಮೇಲೆ, ಎದುರಾಳಿಯ ಮಂತ್ರವನ್ನು ಯಾರು ತಡೆದರೆಂದು ತೋರಿಸುವ ಇಂಟರಪ್ಟ್ಸ್ ಪುಟ ತೆರೆ. ನಾನು ನಿನ್ನದನ್ನು ತೆರೆದೆ. ಮಂತ್ರ ಹಾಕುವ ಬಾಸಿನ ಆ ಸೇವಕನನ್ನು ತಡೆದ 9 ಸಲದಲ್ಲಿ 6 ನಿನ್ನವು. ಬಾಸನ್ನು ಬಿಟ್ಟು ಅತ್ತ ತಿರುಗಿದ ಪ್ರತಿಸಲವೂ ನಿನ್ನ ಅಂಕಿ ಇಳಿದಿದೆ. ಮೀಟರಿನಲ್ಲಿ, ಅಂದರೆ ಯಾರು ಎಷ್ಟು ಹೊಡೆದರೆಂಬ ಪಟ್ಟಿಯಲ್ಲಿ, ಮೊದಲಿದ್ದವನ ಟಾರ್ಗೆಟ್ ಪಟ್ಟಿಯನ್ನೂ ತೆರೆದು ನೋಡು: ಬಾಸ್ ಜೊತೆಗೇ ಸಾಯುತ್ತಿದ್ದ ಸಣ್ಣಪುಟ್ಟವುಗಳ ಮೇಲೆ ಸುರಿದದ್ದೇ ಹೆಚ್ಚು. ಹೀಲಿಂಗ್ ಮೀಟರೂ ಹೀಗೇ. ತಂಡ ಹೆಚ್ಚು ಏಟು ತಿಂದಷ್ಟೂ ಹೀಲರ್ ಅಂಕಿ ಏರುತ್ತದೆ. ಎಲ್ಲರೂ ಚೆನ್ನಾಗಿ ಆಡಿದ ರಾತ್ರಿ ಅವನು ಸೋಮಾರಿಯಂತೆ ಕಾಣುತ್ತಾನೆ.

ಬೇರೆ ಆಟಗಳಲ್ಲೂ ಇದೇ ಕತೆ. 2016ರಲ್ಲಿ ಬಂದ ಓವರ್‌ವಾಚ್‌ನಲ್ಲಿ ಪದಕಗಳಿದ್ದವು. ಎದುರಾಳಿಯ ಟ್ಯಾಂಕಿಗೆ (ತಂಡದ ಪರವಾಗಿ ಏಟು ತಿನ್ನುವ ಆಟಗಾರನಿಗೆ) ಹೊಡೆಯುತ್ತಲೇ ಇದ್ದು, ಅದನ್ನು ಅವರ ಹೀಲರ್ ತುಂಬಿಸುತ್ತಲೇ ಇದ್ದರೂ, ಡ್ಯಾಮೇಜಿಗೆ ಚಿನ್ನ ಬರುತ್ತಿತ್ತು. 2022ರ ಓವರ್‌ವಾಚ್ 2 ಪದಕ ತೆಗೆದು ಸ್ಕೋರ್‌ಬೋರ್ಡ್ ಇಟ್ಟಿತು. ಕೌಂಟರ್ ಸ್ಟ್ರೈಕ್‌ನಲ್ಲಿ ಮೊದಲು ನುಗ್ಗಿ ಸಾಯುವವನ ಕೆಡಿ (ಕೊಂದದ್ದೆಷ್ಟು, ಸತ್ತದ್ದೆಷ್ಟು ಅನ್ನುವ ಲೆಕ್ಕ) ನೋಡಬಾರದು. ಅವನು ಸತ್ತ ಕೂಡಲೇ ಹಿಂದಿನವನು ಕೊಂದವನನ್ನು ಕೊಂದನೇ ಎಂದು ನೋಡಬೇಕು. ಕೊಂದಿದ್ದರೆ ಆ ಸಾವು ದಂಡವಾಗಲಿಲ್ಲ.

ಇದೆಲ್ಲ ಗೊತ್ತಿದ್ದೂ ನನ್ನನ್ನು ಕಾಡುವುದು ಬೇರೆ. ಬಾಸ್ ಬಿದ್ದ ಕೂಡಲೇ ಕಣ್ಣು ನನ್ನ ಸಾಲಿಗೆ ಹೋಗುತ್ತದೆ, ಆಮೇಲೆ ಅದರ ಕೆಳಗಿನ ಸಾಲಿಗೆ. ಅಲ್ಲಿ ಯಾರಾದರೂ ಇದ್ದರೆ ಒಳಗೆ ಏನೋ ಸಡಿಲವಾಗುತ್ತದೆ. ಆ ಸಮಾಧಾನ ನನಗೆ ಸೇರುವುದಿಲ್ಲ ಕಣೋ, ಯಾಕೆಂದರೆ ಬಹಳ ರಾತ್ರಿ ಅಲ್ಲಿರುವ ಹೆಸರು ನಿನ್ನದು. ನಾನು ನಿಂತಲ್ಲೇ ನಿಂತು ಹೊಡೆಯಲು ಆಗುತ್ತಿರುವುದೇ ನೀನು ಅತ್ತ ಆ ಸೇವಕನ ಬಾಯಿ ಮುಚ್ಚಿಸುತ್ತಿರುವುದರಿಂದ. ನನ್ನ ಬಣ್ಣದಲ್ಲಿ ಎಷ್ಟು ಪಾಲು ನಿನ್ನದು ಎಂದು ತೋರಿಸುವ ಪುಟವೇ ಇಲ್ಲ. ಇಷ್ಟನ್ನು ನಿನಗೊಬ್ಬನಿಗೇ ಹೇಳಬೇಕೆಂದಿದ್ದೆ, ಎಲ್ಲರ ಮುಂದೆ ಹೇಳಿಬಿಟ್ಟೆ.

ಹೋಗಲಿ ಬಿಡು. ಮುಂದಿನ ರೇಡಿನಲ್ಲಿ ಇಂಟರಪ್ಟನ್ನು ಮೂವರು ಸರದಿಯಲ್ಲಿ ಮಾಡೋಣ, ಎರಡನೆಯವನು ನಾನು. ಲೀಡರಿಗೆ ಹೇಳಿದ್ದೇನೆ. ನೀನು ಮಾಡಬೇಕಾದ್ದು ಎರಡೇ: ಪುಲ್‌ಗೆ ಮುಂಚೆ ಪೋಷನ್ ಕುಡಿ, ಲೀಡರನ್ನು ಮಾತಿಗೆಳೆಯಬೇಡ. ಕಳೆದ ಬಾರಿಯ ಅರ್ಧ ಗಂಟೆ ಇನ್ನೂ ಯಾರೂ ಮರೆತಿಲ್ಲ!

ನಿನ್ನ,
ಎರಡನೇ ಇಂಟರಪ್ಟು