ಚುಚ್ಚುಮದ್ದಿನ ಚರ್ಚೆಯಲ್ಲಿ ಊಟದ ಮಾತೂ ಇರಲಿ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಅವುಗಳ ಬೆಲೆ ಹಾಗೂ ಅಡ್ಡಪರಿಣಾಮಗಳ ಕುರಿತು ಸಾಕಷ್ಟು ಚರ್ಚೆ ನಡೆಯುತ್ತಿದೆ. ಆದರೆ ಅವು ಅನುಕರಿಸುವ ಹಾರ್ಮೋನುಗಳನ್ನು ನಮ್ಮ ಕರುಳೇ ಪ್ರತಿ ಊಟದ ಬಳಿಕ ಸ್ರವಿಸುತ್ತದೆ ಎಂಬ ಸಂಗತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಇವುಗಳಲ್ಲಿ ಮುಖ್ಯವಾದ ಜಿಎಲ್‌ಪಿ-1 ಹಾರ್ಮೋನನ್ನು ಸಣ್ಣ ಕರುಳಿನ ಕೊನೆಯ ಭಾಗ ಮತ್ತು ದೊಡ್ಡ ಕರುಳಿನಲ್ಲಿ ಹೆಚ್ಚಾಗಿರುವ ಎಲ್ ಜೀವಕೋಶಗಳು ಉತ್ಪಾದಿಸುತ್ತವೆ. ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುವುದು, ಜಠರದಿಂದ ಆಹಾರ ಕೆಳಗಿಳಿಯುವುದನ್ನು ನಿಧಾನಗೊಳಿಸುವುದು, ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವುದು ಇದರ ಕೆಲಸ. ಪಾಲಿಷ್ ಮಾಡಿದ ಅಕ್ಕಿ ಮತ್ತು ಮೈದಾದ ಪಿಷ್ಟ ಬಹುಪಾಲು ಕರುಳಿನ ಮೇಲ್ಭಾಗದಲ್ಲೇ ಜೀರ್ಣವಾಗಿ ರಕ್ತ ಸೇರುತ್ತದೆ. ಕಾಳು, ಸೊಪ್ಪು, ಇಡೀ ಧಾನ್ಯಗಳ ನಾರಿನಂಶವಾದರೋ ದೊಡ್ಡ ಕರುಳಿನವರೆಗೆ ಸಾಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿದಾಗ ಹುಟ್ಟುವ ಕೊಬ್ಬಿನಾಮ್ಲಗಳು ಎಲ್ ಕೋಶಗಳನ್ನು ಪ್ರಚೋದಿಸುತ್ತವೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. 20 ಮಂದಿಗೆ ಎರಡು ವಾರ ಅತಿ ಸಂಸ್ಕರಿತ ಆಹಾರವನ್ನೂ ಇನ್ನೆರಡು ವಾರ ಸಂಸ್ಕರಿಸದ ಆಹಾರವನ್ನೂ ಬಡಿಸಿ, ಬೇಕೆನಿಸಿದಷ್ಟು ತಿನ್ನಲು ಬಿಡಲಾಗಿತ್ತು. ಬಡಿಸಿದ ಆಹಾರದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲವೂ ಸರಿಸಮವಾಗಿದ್ದರೂ ಅತಿ ಸಂಸ್ಕರಿತ ಆಹಾರದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಸಂಸ್ಕರಿಸದ ಆಹಾರದ ಅವಧಿಯಲ್ಲಿ ಹಸಿವನ್ನು ತಗ್ಗಿಸುವ ಪಿವೈವೈ ಹಾರ್ಮೋನು ಹೆಚ್ಚಿತ್ತು, ಹಸಿವನ್ನು ಕೆರಳಿಸುವ ಗ್ರೆಲಿನ್ ಇಳಿದಿತ್ತು. ಹೆಚ್ಚು ತಿನ್ನುವವರನ್ನು ನಾಲಿಗೆಯ ಹಿಡಿತವಿಲ್ಲದವರೆಂದು ಹಳಿಯುವುದು ಎಷ್ಟು ಅನ್ಯಾಯವೆಂದು ಇದರಿಂದಲೇ ತಿಳಿಯುತ್ತದೆ.

ಹಾಗೆಂದು ಅಡುಗೆಮನೆಯ ಯಾವುದೋ ಪುಡಿಯೋ ಕಷಾಯವೋ ಈ ಚುಚ್ಚುಮದ್ದಿಗೆ ಸಮವೆಂದು ಸಾಮಾಜಿಕ ಜಾಲತಾಣಗಳಲ್ಲಿ ಹರಡುವ ಮಾತನ್ನು ನಂಬಬಾರದು. ಕರುಳು ಸ್ರವಿಸುವ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷಗಳಲ್ಲೇ ನಾಶವಾಗತೊಡಗುತ್ತದೆ. ಸೆಮಾಗ್ಲುಟೈಡ್ ವಾರವಿಡೀ ಉಳಿಯುವಂತೆ ರೂಪಿಸಿದ ಔಷಧ. ವೈದ್ಯರನ್ನು ಕೇಳದೆ ಯಾರೂ ಔಷಧ ನಿಲ್ಲಿಸಬಾರದು. ಆಹಾರದ ಬಲವಿರುವುದು ದಿನವೂ, ವರ್ಷಗಟ್ಟಲೆ ನಡೆಯುವ ಅದರ ಪ್ರಭಾವದಲ್ಲಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದು, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅಷ್ಟು ಜನರಿಗೆ ಚುಚ್ಚುಮದ್ದು ಒದಗಿಸಲು ಯಾವ ಸರ್ಕಾರಕ್ಕೂ ಆಗದು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಬಿಳಿ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ಆದರೂ ಸಕ್ಕರೆ ಬೆರೆಸಿದ ರಾಗಿ ಮಾಲ್ಟ್ ಬೇರೆ, ಹುರುಳಿ ಸಾರು ಅಥವಾ ಸೊಪ್ಪಿನ ಸಾರಿನೊಂದಿಗಿನ ಮುದ್ದೆ ಬೇರೆ. ಜೋಳದ ರೊಟ್ಟಿಯ ಊಟಕ್ಕೆ ಸೌತೆಕಾಯಿ, ಮೂಲಂಗಿ, ಹಸಿ ಮೆಂತ್ಯ ಸೊಪ್ಪು, ಕಾಳಿನ ಪಲ್ಯ ಸೇರಿಸುವ ಉತ್ತರ ಕರ್ನಾಟಕದ ರೂಢಿಯೂ ಈ ದೃಷ್ಟಿಯಿಂದ ಬಹಳ ಒಳ್ಳೆಯದು. ಅನ್ನಕ್ಕಿಂತ ಮೊದಲು ತರಕಾರಿ, ಕಾಳು ತಿಂದರೆ ಊಟದ ನಂತರ ಸಕ್ಕರೆ ಏರುವ ಪ್ರಮಾಣ ತಗ್ಗುತ್ತದೆಂದು ಹಲವು ಪ್ರಯೋಗಗಳು ತೋರಿಸಿವೆ.

ಆದ್ದರಿಂದ ಪಡಿತರದಲ್ಲಿ ರಾಗಿ, ಜೋಳ, ಬೇಳೆಕಾಳುಗಳ ಪಾಲನ್ನು ಹೆಚ್ಚಿಸಿ ವರ್ಷವಿಡೀ ವಿತರಿಸಬೇಕು. ಸರ್ಕಾರಿ ವಿದ್ಯಾರ್ಥಿನಿಲಯಗಳ ಊಟದಲ್ಲಿ ಕಾಳು, ಸೊಪ್ಪು ದಿನವೂ ಇರುವಂತೆ ನೋಡಿಕೊಳ್ಳಬೇಕು. ಚುಚ್ಚುಮದ್ದಿನ ಸುದ್ದಿಗೆ ಕೊಟ್ಟಷ್ಟೇ ಜಾಗವನ್ನು ತಮ್ಮ ಪತ್ರಿಕೆ ಈ ವಿಷಯಕ್ಕೂ ಕೊಟ್ಟು, ಆಹಾರತಜ್ಞರಿಂದ ಲೇಖನಗಳನ್ನು ಬರೆಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಧಾರವಾಡ